ಕೆರೆಯ ದಡದ ನೆಲೆವೀಡು

ಪ್ರವಾಸವೆಂದರೆ ಗಂಟುಮೂಟೆ ಕಟ್ಟಿಕೊಂಡು ಹೊರಡುವುದೆಂದಷ್ಟೇ ತಿಳಿದಿದ್ದ ನನಗೆ, ಮನೆಯನ್ನೇ ಕಟ್ಟಿಕೊಂಡು ಹೊರಡುವ ಸುಯೋಗ ಕಳೆದ ಚಳಿಗಾಲದಲ್ಲಿ ಒದಗಿತು. ಮಿತ್ರರೊಬ್ಬರು ತಮ್ಮ ವ್ಯಾನಿನೊಳಗೆ ಎರಡು ಹಾಸಿಗೆ, ಒಂದು ಗ್ಯಾಸಿನ ಒಲೆ, ಒಂದು ನೀರಿನ ತೊಟ್ಟಿ ಇಷ್ಟನ್ನು ಅಳವಡಿಸಿ ಅದನ್ನು ಕ್ಯಾರವಾನ್ ಎಂದು ಕರೆಯುತ್ತಿದ್ದರು. ಗದಗಿನಿಂದ ಹೊರಟು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸೀಮೆಯನ್ನೆಲ್ಲ ಸುತ್ತಿ, ಆ ಗಾಡಿಯಲ್ಲಿಯೇ ಮಲಗಿ ಎದ್ದು ಬಂದೆವು. ಗುಡಿಗಳನ್ನು ನೋಡಲೆಂದು ಹೋದ ನಾನು ಕೆರೆಗಳ ಚಿಂತೆಯನ್ನು ಹೊತ್ತುಕೊಂಡು ಮರಳಿದೆ. ಅದು ಹೇಗೆಂಬುದನ್ನು ಹೇಳುವುದಕ್ಕಾಗಿಯೇ ಈ ಲೇಖನ.

ಕ್ಯಾರವಾನ್ ಎಂಬುದನ್ನು ಇಂಗ್ಲಿಷ್ ಮಾತೆಂದು ನಾವು ಬಗೆದರೂ ಅದರ ಮೂಲ ಪಾರಸಿ. ಗುಂಪುಗೂಡಿ ದೂರದೇಶಕ್ಕೆ ಸಾಗುವ ವರ್ತಕರ ತಂಡಕ್ಕೆ ಆ ಹೆಸರು. ಅದನ್ನೇ ನಮ್ಮವರು ಸಾರ್ಥವೆಂದರು. ಬೀಡುಬಿಡುವುದು ನಮ್ಮ ಅರಸರಿಗೂ ಹೊಸತಲ್ಲ. ಚಾಲುಕ್ಯರ ಶಾಸನಗಳಲ್ಲಿ ಅರಸನು ಇಂಥ ನೆಲೆವೀಡಿನಲ್ಲಿದ್ದು ರಾಜ್ಯವಾಳುತ್ತಿದ್ದನೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ದಂಡಾಗಲಿ ಸಾರ್ಥವಾಗಲಿ ಇಳಿಯಬೇಕಾದರೆ ಮೊದಲು ಬೇಕಾದದ್ದು ನೀರು. ನಮ್ಮದು ಎರೆಭೂಮಿ, ಮಳೆ ಕಡಿಮೆ. ತುಂಗಭದ್ರೆ ದಕ್ಷಿಣದ ಅಂಚಿನಲ್ಲಿ ಹಾದುಹೋಗುತ್ತಾಳೆ. ಆದ್ದರಿಂದ ಇಲ್ಲಿಯ ಊರುಗಳ ಇತಿಹಾಸವನ್ನು ಕೆರೆಯ ಏರಿಯ ಮೇಲೆ ನಿಂತು ಓದಬೇಕು.

ಮೊದಲ ಸಂಜೆ ಗದಗಿನ ಭೀಷ್ಮಕೆರೆಯ ದಡದಲ್ಲಿ ಗಾಡಿ ನಿಲ್ಲಿಸಿದೆವು. ಬೆಟಗೇರಿಯ ವೀರಗಲ್ಲುಗಳನ್ನು ಮಧ್ಯಾಹ್ನವೇ ನೋಡಿಯಾಗಿತ್ತು. ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸನ ಕಂಬವನ್ನು ತೋರಿಸುವವರು ಒಂದು ಕತೆಯನ್ನೂ ಹೇಳುತ್ತಾರೆ: ಕವಿಯು ಕೊಳದಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲಿಯೇ ಆ ಕಂಬಕ್ಕೊರಗಿ ಕುಳಿತು, ಬಟ್ಟೆ ಆರುವವರೆಗೆ ಮಾತ್ರ ಭಾರತವನ್ನು ಬರೆಯುತ್ತಿದ್ದನಂತೆ. ಇತಿಹಾಸದ ಕಣ್ಣಿಗೆ ಇದು ದಂತಕತೆ. ಆದರೂ ಕವಿತೆಯ ಹೊತ್ತನ್ನು ನೀರಿನಿಂದ ಅಳೆದ ಜನರ ಮನಸ್ಸು ಎಂಥದೆಂಬುದನ್ನು ಅದು ತಿಳಿಸುತ್ತದೆ.

ಮರುದಿನ ಲಕ್ಷ್ಮೇಶ್ವರ. ಇದರ ಹಳೆಯ ಹೆಸರು ಪುಲಿಗೆರೆ, ಎಂದರೆ ಹುಲಿಯ ಕೆರೆ. ಕೆರೆಯನ್ನು ಹೆಸರಿನಲ್ಲಿಯೇ ಹೊತ್ತ ಊರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳೊಡನೆ ಇದನ್ನೂ ಹೆಸರಿಸುತ್ತದೆ. ೯೪೧ರಲ್ಲಿ ವಿಕ್ರಮಾರ್ಜುನ ವಿಜಯವನ್ನು ಬರೆದ ಪಂಪನು ತನ್ನ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟನು. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಇಲ್ಲಿಗೆ ಬಂದ ಆದಯ್ಯನು ಜೈನ ವರ್ತಕನ ಮಗಳು ಪದ್ಮಾವತಿಯನ್ನು ವರಿಸಿ, ಕಡೆಗೆ ಸೋಮನಾಥನನ್ನೇ ಇಲ್ಲಿ ನೆಲೆಗೊಳಿಸಿದ ಕತೆಯನ್ನು ಹರಿಹರ, ರಾಘವಾಂಕರಿಬ್ಬರೂ ಹೇಳಿದ್ದಾರೆ. ನಂದಿಯ ಮೇಲೆ ಪಾರ್ವತಿಯೊಡನೆ ಕುಳಿತ ಆ ಸೋಮೇಶ್ವರ, ಸಮೀಪದಲ್ಲಿ ಶಂಖಬಸದಿ, ಪೇಟೆಯಲ್ಲಿ ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ: ಬೇರೆ ಬೇರೆ ದಾರಿಗಳಿಂದ ಬಂದವರು ಒಂದೇ ಊರಿನಲ್ಲಿ ಬಿಡಾರ ಹೂಡಿದ್ದಕ್ಕೆ ಇವೇ ಸಾಕ್ಷಿ. ತಿರುಳ್ಗನ್ನಡದ ಪಾಠವನ್ನು ನಾನು ಎಷ್ಟೋ ವರುಷಗಳಿಂದ ಹೇಳುತ್ತಿದ್ದೇನೆ. ಪುಲಿಗೆರೆ ಎಂಬ ಮಾತಿನ ಕೊನೆಯಲ್ಲಿರುವ ಕೆರೆಯನ್ನು ಕುರಿತು ಒಮ್ಮೆಯೂ ಯೋಚಿಸಿರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಶಿರಹಟ್ಟಿಯಲ್ಲಿ, ಫಕೀರನನ್ನೂ ಈಶ್ವರನನ್ನೂ ಒಂದೇ ಹೆಸರಿನಲ್ಲಿ ಕೂಡಿಸಿದ ಫಕೀರೇಶ್ವರರ ಮಠಕ್ಕೆ ಕೈಮುಗಿದು, ಹತ್ತಿರದ ಮಾಗಡಿಯ ಕೆರೆಗೆ ಬಂದೆವು. ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಪ್ರತಿ ಚಳಿಗಾಲ ಇಲ್ಲಿ ಇಳಿಯುತ್ತವೆ. ಸುತ್ತಲಿನ ಹೊಲಗಳಲ್ಲಿ ಮೇದು ಮತ್ತೆ ನೀರಿಗೆ ಮರಳುತ್ತವೆ. ೨೦೨೪ರಲ್ಲಿ ಈ ಕೆರೆ ರಾಮ್‌ಸಾರ್ ಪಟ್ಟಿಗೆ ಸೇರಿತು. ಏರಿಯ ಮೇಲೆ ಕುರಿ ಕಾಯುತ್ತಿದ್ದ ಮುದುಕರೊಬ್ಬರು ನಮ್ಮ ಗಾಡಿಯೊಳಗೆ ಇಣುಕಿ ನೋಡಿದರು.

“ಏನ್ರೀ, ಮನೀನ ಕಟಗೊಂಡು ಬಂದೀರೇನು?”

“ಹೌದ್ರಿ ಅಜ್ಜಾರ, ಊರೂರು ನೋಡಾಕ ಹೊಂಟೀವಿ.”

“ನಮ್ಮಪ್ಪನೂ ಕೊಲ್ಲಾರಿ ಬಂಡಿ ಹೂಡಿ ಎಲ್ಲಮ್ಮನ ಗುಡ್ಡಕ್ಕ ಕರಕೊಂಡು ಹೋಗತಿದ್ದ. ಎತ್ತು ಎಲ್ಲಿ ನೀರು ಕುಡೀತಾವೋ ಅಲ್ಲೇ ವಸ್ತಿ. ನಿಮ್ಮ ಗಾಡಿ ಏನು ಕುಡೀತೈತಿ?”

“ಡೀಸೆಲ್” ಎಂದೆ.

“ಹಂಗಾರ ನೀವು ಕೆರಿಗ್ಯಾಕ ಬಂದ್ರಿ?”

ಮಿತ್ರರು ನಕ್ಕರು, ನನಗೆ ಉತ್ತರ ಹೊಳೆಯಲಿಲ್ಲ.

ಆ ಪ್ರಶ್ನೆ ಕಪ್ಪತಗುಡ್ಡವನ್ನು ಬಳಸಿಕೊಂಡು ಮುಂಡರಗಿಯ ಸೀಮೆಗೂ ನಮ್ಮ ಹಿಂದೆಯೇ ಬಂದಿತು. ಮುಂಡರಗಿ ಎಂದೊಡನೆ ೧೮೫೮ರಲ್ಲಿ ಇಂಗ್ಲಿಷರ ಮೇಲೆ ಬಂಡೆದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಭೀಮರಾಯ ನೆನಪಾಗುವುದು ಸಹಜ. ಆದರೆ ನಮ್ಮ ಕಡೆಯ ಬಿಡಾರ ಅದೇ ತಾಲ್ಲೂಕಿನ ಡಂಬಳದಲ್ಲಿ, ಅಲ್ಲಿಯ ದೊಡ್ಡ ಕೆರೆಯ ಬಳಿ. ನಕ್ಷತ್ರಾಕಾರದ ದೊಡ್ಡಬಸಪ್ಪನ ಗುಡಿಯನ್ನು ಬಲ್ಲವರು ಬಹಳ. ಆದರೆ ೧೦೯೫ರ ಶಾಸನವೊಂದು ಇಲ್ಲಿ ಹದಿನಾರು ಮಂದಿ ಸೆಟ್ಟಿಗಳು ಬೌದ್ಧ ವಿಹಾರವನ್ನು ಕಟ್ಟಿಸಿದ ಸಂಗತಿಯನ್ನೂ, ತಾರಾದೇವಿಯ ಸ್ತುತಿಯನ್ನೂ ಒಳಗೊಂಡಿದೆಯೆಂಬುದನ್ನು ಬಲ್ಲವರು ಕೆಲವರೇ. ಧರ್ಮವೊಳಲೆಂಬ ಹೆಸರಿನ ಆ ಊರಿನಲ್ಲಿ ವರ್ತಕರಿಗೆ ವಿಹಾರ ಕಟ್ಟುವಷ್ಟು ಸಿರಿ ಇತ್ತೆಂದ ಮೇಲೆ, ಅಲ್ಲಿ ಇಳಿದು ಹೋಗುವ ಜನಕ್ಕೂ ದನಕ್ಕೂ ಸಾಕಾಗುವಷ್ಟು ನೀರೂ ಇದ್ದಿರಲೇಬೇಕು.

ಆ ನೀರನ್ನು ಕಾಯುವ ಏರ್ಪಾಡೂ ನಮ್ಮವರಲ್ಲಿತ್ತು. ಕೆರೆಯ ಕಟ್ಟೋಣಕ್ಕೂ ದುರಸ್ತಿಗೂ ಬಿಟ್ಟ ದತ್ತಿಗೆ ಶಾಸನಗಳಲ್ಲಿ ಬಿತ್ತುವಟ್ಟವೆಂಬ ಹೆಸರೇ ಇದೆ. ದೇವರಿಗೆ ದೀಪ ಹಚ್ಚಲು ಭೂಮಿ ಬಿಟ್ಟಂತೆ ಕೆರೆಗೂ ಭೂಮಿ ಬಿಟ್ಟರು. ಗುಡಿಗಳನ್ನು ಸ್ಮಾರಕಗಳೆಂದು ಬೇಲಿ ಹಾಕಿ ಉಳಿಸಿಕೊಂಡ ನಾವು, ಅವುಗಳಿಗೆ ಜೀವ ಕೊಟ್ಟ ಕೆರೆಗಳನ್ನು ಆ ಲೆಕ್ಕದಲ್ಲಿ ಸೇರಿಸಲೇ ಇಲ್ಲ. ಬಿತ್ತುವಟ್ಟವೆಂಬ ಮಾತು ಈಗ ನನ್ನಂಥವರ ಪಾಠದಲ್ಲಿ ಮಾತ್ರ ಉಳಿದಿದೆ.

ಊರಿಗೆ ಮರಳಿದ ಮೇಲೆ ಗಾಡಿಯನ್ನು ಬರಿದು ಮಾಡುವಾಗ ಮೂಲೆಯಲ್ಲಿ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನುಗಳು ಕಂಡವು. ಎರಡನ್ನೂ ಅಂಗಡಿಯಲ್ಲಿ ಕೊಂಡು ತುಂಬಿಕೊಂಡಿದ್ದೆವು, ಎರಡೂ ಬರಿದಾಗಿದ್ದವು. ಮೂರು ರಾತ್ರಿ ಮೂರು ಕೆರೆಗಳ ದಡದಲ್ಲಿ ಮಲಗಿದ ನಾವು ಒಂದು ಬೊಗಸೆ ಕೆರೆಯ ನೀರನ್ನೂ ಕುಡಿಯಲಿಲ್ಲ, ಕುಡಿಯುವ ಧೈರ್ಯವೂ ಇರಲಿಲ್ಲ. ಮಾಗಡಿಯ ಅಜ್ಜನವರು ಕೇಳಿದ್ದು ಗಾಡಿಯ ಮಾತಲ್ಲವೆಂದು ಆಗ ಅರ್ಥವಾಯಿತು.