ಮಿದುಳಿನ ಆಳ ಪ್ರಚೋದನಾ ಚಿಕಿತ್ಸೆ (ಡಿ.ಬಿ.ಎಸ್.) ಮತ್ತು ಡಾ. ಅಲಿಂ ಲೂಯಿ ಬೆನಬಿಡ್‌ರವರ ಸೇವೆ

ಪಾರ್ಕಿನ್ಸನ್ ಕಾಯಿಲೆ, ನಡುಕ ಮುಂತಾದ ಚಲನದೋಷಗಳಿಂದ ಬಳಲುತ್ತಿರುವವರಿಗೆ ನೀಡಲಾಗುವ ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಶಸ್ತ್ರಚಿಕಿತ್ಸೆಯ ಬಗ್ಗೆ ಸಾರ್ವಜನಿಕರಲ್ಲಿ ಹಲವು ತಪ್ಪು ಕಲ್ಪನೆಗಳಿವೆ. ಇದು ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುತ್ತದೆಂಬುದು ಒಂದು. ಮಿದುಳಿನ ಭಾಗವನ್ನು ಕತ್ತರಿಸಿ ತೆಗೆಯಲಾಗುತ್ತದೆಂಬುದು ಇನ್ನೊಂದು. ಇವೆರಡೂ ಸರಿಯಲ್ಲ. ಈ ಚಿಕಿತ್ಸೆಯನ್ನು ಇಂದಿನ ರೂಪಕ್ಕೆ ತಂದ ಫ್ರಾನ್ಸ್ ದೇಶದ ನರಶಸ್ತ್ರಚಿಕಿತ್ಸಕ ಡಾ. ಬೆನಬಿಡ್‌ರವರ ವೃತ್ತಿಜೀವನವನ್ನು ಅವಲೋಕಿಸಿದಲ್ಲಿ, ಚಿಕಿತ್ಸೆಯ ಪ್ರಯೋಜನ ಮತ್ತು ಮಿತಿ ಎರಡೂ ಸ್ಪಷ್ಟವಾಗುತ್ತವೆ.

ಹಿನ್ನೆಲೆ

ಡಾ. ಬೆನಬಿಡ್‌ರವರು 1942ರಲ್ಲಿ ಜನಿಸಿದರು. ಇವರು ಆಲ್ಪ್ಸ್ ಪರ್ವತಗಳ ಮಡಿಲಿನಲ್ಲಿರುವ ಗ್ರೆನೋಬಲ್ ನಗರದಲ್ಲಿಯೇ 1970ರಲ್ಲಿ ವೈದ್ಯ ಪದವಿಯನ್ನೂ 1978ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ವೈದ್ಯರಾಗಿದ್ದವರು ಭೌತಶಾಸ್ತ್ರವನ್ನೂ ಅಭ್ಯಸಿಸಿದ್ದು ಮುಂದೆ ವಿದ್ಯುತ್ ಸ್ಪಂದನಗಳೊಂದಿಗೆ ಕೆಲಸ ಮಾಡುವಾಗ ಅವರ ನೆರವಿಗೆ ಬಂದಿರಬೇಕು. ಅದೇ ನಗರದ ವಿಶ್ವವಿದ್ಯಾಲಯ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿಯೂ ಅವರು ದೀರ್ಘಕಾಲ ಸೇವೆ ಸಲ್ಲಿಸಿದರು.

ಆ ಕಾಲದಲ್ಲಿ ಔಷಧಿಗೆ ಬಗ್ಗದ ನಡುಕಕ್ಕೆ ಥಲಾಮೊಟಮಿ ಎಂಬ ಶಸ್ತ್ರಚಿಕಿತ್ಸೆಯನ್ನು ಮಾಡಲಾಗುತ್ತಿತ್ತು. ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಒಂದು ಸಣ್ಣ ಭಾಗವನ್ನು ಶಾಖದಿಂದ ಸುಟ್ಟು ನಾಶಪಡಿಸುವುದೇ ಸದರಿ ವಿಧಾನ. ನಾಶಪಡಿಸಿದ ಭಾಗವನ್ನು ಮರಳಿ ಪಡೆಯಲು ಸಾಧ್ಯವಿಲ್ಲ. ಅಲ್ಲದೆ, ಮಿದುಳಿನ ಎರಡೂ ಬದಿಗಳಲ್ಲಿ ಹೀಗೆ ಮಾಡಿದಲ್ಲಿ ಮಾತು ಮತ್ತು ನುಂಗುವ ಶಕ್ತಿ ಕುಂದುವ ಅಪಾಯ ಹೆಚ್ಚಾಗಿತ್ತು. ಆದ್ದರಿಂದ ಎರಡೂ ಕೈ ನಡುಗುವ ಅನೇಕ ರೋಗಿಗಳು ಒಂದೇ ಕೈಯ ಪರಿಹಾರಕ್ಕೆ ತೃಪ್ತಿಪಡಬೇಕಾಗಿತ್ತು.

1987ರ ಅವಲೋಕನ

ಸುಡುವ ಮುನ್ನ ಸ್ಥಳ ಸರಿಯಾಗಿದೆಯೇ ಎಂದು ಖಚಿತಪಡಿಸಿಕೊಳ್ಳಲು ವಿದ್ಯುದಗ್ರದ (ಎಲೆಕ್ಟ್ರೋಡ್) ಮೂಲಕ ಅಲ್ಪ ಪ್ರಮಾಣದ ವಿದ್ಯುತ್ ಹಾಯಿಸಿ ನೋಡುವುದು ವಾಡಿಕೆಯಾಗಿತ್ತು. ರೋಗಿಯು ಎಚ್ಚರವಾಗಿಯೇ ಇರುತ್ತಿದ್ದರು. 1987ರಲ್ಲಿ ಇಂತಹ ಪರೀಕ್ಷೆಯೊಂದರ ಸಂದರ್ಭದಲ್ಲಿ ಡಾ. ಬೆನಬಿಡ್‌ರವರು ವಿದ್ಯುತ್ ಸ್ಪಂದನಗಳ ವೇಗವನ್ನು ಬದಲಿಸುತ್ತಾ ಹೋದರು. ಸೆಕೆಂಡಿಗೆ ಸುಮಾರು 100 ಸ್ಪಂದನಗಳನ್ನು ತಲುಪಿದಾಗ ನಡುಕ ನಿಂತಿತು. ವಿದ್ಯುತ್ ನಿಲ್ಲಿಸಿದಾಗ ನಡುಕ ಮರಳಿತು. ಮತ್ತೆ ಹಾಯಿಸಿದಾಗ ಮತ್ತೆ ನಿಂತಿತು. ಸುಡುವುದರಿಂದ ದೊರೆಯುವ ಫಲ, ಯಾವುದನ್ನೂ ಸುಡದೆಯೇ ದೊರೆಯುವುದೆಂದು ಇದರಿಂದ ತಿಳಿದುಬಂದಿತು.

ಮಿದುಳಿಗೆ ವಿದ್ಯುತ್ ಪ್ರಚೋದನೆ ನೀಡುವುದು ಅಷ್ಟರಲ್ಲಾಗಲೇ ಹೊಸತಾಗಿರಲಿಲ್ಲ. ನೋವಿನ ಉಪಶಮನಕ್ಕಾಗಿ ಇದನ್ನು 1970ರ ದಶಕದಿಂದಲೇ ಬಳಸಲಾಗುತ್ತಿದ್ದು, ನಡುಕಕ್ಕೂ ಕೆಲವರು ಪ್ರಯತ್ನಿಸಿದ್ದರು. ಆದ್ದರಿಂದ ಈ ವಿಧಾನವನ್ನು ಒಬ್ಬರೇ ಕಂಡುಹಿಡಿದರೆಂದು ಹೇಳುವುದು ಸಮಂಜಸವಲ್ಲ. ಚಲನದೋಷಗಳಿಗೆ ಅಧಿಕ ವೇಗದ ಸ್ಪಂದನಗಳನ್ನು ನಿರಂತರವಾಗಿ ನೀಡುವ ಚಿಕಿತ್ಸೆಯನ್ನು ವ್ಯವಸ್ಥಿತವಾಗಿ ರೂಪಿಸಿ, ಫಲಿತಾಂಶಗಳನ್ನು ವರ್ಷಾನುವರ್ಷ ಪ್ರಕಟಿಸಿದ್ದು ಡಾ. ಬೆನಬಿಡ್ ಮತ್ತು ಅವರ ಸಹೋದ್ಯೋಗಿ ನರರೋಗ ತಜ್ಞ ಡಾ. ಪಿಯರ್ ಪೊಲಾಕ್‌ರವರ ತಂಡದ ಕೊಡುಗೆ.

ಪಾರ್ಕಿನ್ಸನ್ ಕಾಯಿಲೆಗೆ ವಿಸ್ತರಣೆ

ಥಲಾಮಸ್‌ಗೆ ನೀಡಿದ ಪ್ರಚೋದನೆಯಿಂದ ನಡುಕ ನಿಂತರೂ, ಪಾರ್ಕಿನ್ಸನ್ ರೋಗಿಗಳ ಬಿಗಿತ ಮತ್ತು ನಿಧಾನಗತಿ ಹಾಗೆಯೇ ಉಳಿಯುತ್ತಿದ್ದವು. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ, ಕೆಲವೇ ಮಿಲಿಮೀಟರ್ ಗಾತ್ರದ ಕೇಂದ್ರವನ್ನು ನಿಷ್ಕ್ರಿಯಗೊಳಿಸಿದಲ್ಲಿ ಪಾರ್ಕಿನ್ಸನ್ ಲಕ್ಷಣಗಳು ಕಡಿಮೆಯಾಗುವುದನ್ನು ಅಮೆರಿಕದ ಡಾ. ಮಹ್ಲಾನ್ ಡಿಲಾಂಗ್‌ರವರ ತಂಡವು 1990ರಲ್ಲಿ ಕೋತಿಗಳಲ್ಲಿ ತೋರಿಸಿತು. ಇದನ್ನು ಆಧರಿಸಿ ಗ್ರೆನೋಬಲ್ ತಂಡವು 1993ರಲ್ಲಿ ಸದರಿ ಕೇಂದ್ರಕ್ಕೆ ಪ್ರಚೋದನೆ ನೀಡಲು ಆರಂಭಿಸಿತು.

1998ರಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಂದು ವರ್ಷದ ನಂತರ ಔಷಧಿಯಿಲ್ಲದ ಸ್ಥಿತಿಯಲ್ಲಿ ರೋಗಿಗಳ ಚಲನೆಯು ಶೇ. 60ರಷ್ಟು ಸುಧಾರಿಸಿದ್ದು, ಔಷಧಿಯ ಪ್ರಮಾಣ ಸರಾಸರಿ ಅರ್ಧಕ್ಕೆ ಇಳಿದಿತ್ತು. ಅದೇ ವರದಿಯಲ್ಲಿ, ಶಸ್ತ್ರಚಿಕಿತ್ಸೆಯ ವೇಳೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಒಬ್ಬ ರೋಗಿಗೆ ಪಾರ್ಶ್ವವಾಯು ಮತ್ತು ವಾಕ್‌ನಷ್ಟ ಉಂಟಾದುದನ್ನೂ ಮುಚ್ಚಿಡದೆ ನಮೂದಿಸಲಾಗಿದೆ. 2003ರ ಐದು ವರ್ಷಗಳ ವರದಿಯು ಇನ್ನೂ ಮುಖ್ಯವಾದುದು: ಔಷಧಿಯಿಲ್ಲದ ಸ್ಥಿತಿಯಲ್ಲಿನ ಸುಧಾರಣೆ ಶೇ. 54ರಷ್ಟು ಉಳಿದಿತ್ತಾದರೂ, ಮಾತು, ದೇಹದ ಸಮತೋಲನ, ನಡೆಯುವಾಗ ಕಾಲು ಕಟ್ಟಿಹಾಕಿದಂತಾಗುವುದು ಹಾಗೂ ಬೌದ್ಧಿಕ ಶಕ್ತಿ ಇವು ಕಾಲಕ್ರಮೇಣ ಕ್ಷೀಣಿಸಿದ್ದವು. ಕಾಯಿಲೆಯ ಮುನ್ನಡೆಯನ್ನು ಈ ಚಿಕಿತ್ಸೆಯು ತಡೆಯುವುದಿಲ್ಲ.

ಯಾರಿಗೆ ಸೂಕ್ತ

ಲೆವೊಡೋಪಾ ಔಷಧಿಗೆ ಇನ್ನೂ ಉತ್ತಮವಾಗಿ ಸ್ಪಂದಿಸುವ, ಆದರೆ ಅದರ ಪ್ರಭಾವ ದಿನದಲ್ಲಿ ಏರಿಳಿಯುವ ಅಥವಾ ಅನೈಚ್ಛಿಕ ಚಲನೆಗಳಿಂದ ಬಳಲುವ ಪಾರ್ಕಿನ್ಸನ್ ರೋಗಿಗಳಿಗೆ ಈ ಚಿಕಿತ್ಸೆಯು ಹೆಚ್ಚು ಫಲಕಾರಿ. ಇದನ್ನು ತಿಳಿಯಲು, ಹಿಂದಿನ ರಾತ್ರಿಯಿಂದ ಔಷಧಿ ನಿಲ್ಲಿಸಿ, ಔಷಧಿ ನೀಡುವ ಮುನ್ನ ಮತ್ತು ನಂತರ ಚಲನೆಯನ್ನು ಅಳೆಯಲಾಗುತ್ತದೆ. ವೈದ್ಯರ ಸೂಚನೆಯಿಲ್ಲದೆ ಮನೆಯಲ್ಲಿ ಔಷಧಿ ನಿಲ್ಲಿಸತಕ್ಕದ್ದಲ್ಲ. ಔಷಧಿಯಿಂದ ಕಡಿಮೆಯಾಗದ ತೊಂದರೆಯು ಶಸ್ತ್ರಚಿಕಿತ್ಸೆಯಿಂದಲೂ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ. ನಡುಕ ಮಾತ್ರ ಇದಕ್ಕೆ ಅಪವಾದ. ಮರೆವಿನ ಕಾಯಿಲೆ ಇರುವವರಿಗೆ ಈ ಚಿಕಿತ್ಸೆಯನ್ನು ಸಲಹೆ ಮಾಡುವುದಿಲ್ಲ.

ಪ್ರಚೋದಕ ಉಪಕರಣವನ್ನು ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ ಚರ್ಮದಡಿ ಅಳವಡಿಸಲಾಗುತ್ತದೆ. ಹೊರಗಿನಿಂದಲೇ ಅದರ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬಹುದು, ಅಗತ್ಯವಿದ್ದಲ್ಲಿ ನಿಲ್ಲಿಸಲೂಬಹುದು. ಮರುಚಾರ್ಜ್ ಆಗದ ಉಪಕರಣವನ್ನು ಬ್ಯಾಟರಿ ಮುಗಿದಾಗ ಸಣ್ಣ ಶಸ್ತ್ರಚಿಕಿತ್ಸೆಯ ಮೂಲಕ ಬದಲಿಸಬೇಕಾಗುತ್ತದೆ. ಮೊದಲ ಶಸ್ತ್ರಚಿಕಿತ್ಸೆಯ ಖರ್ಚನ್ನಷ್ಟೇ ವಿಚಾರಿಸಿ ಈ ಮುಂದಿನ ಖರ್ಚನ್ನು ಮರೆಯುವ ಕುಟುಂಬಗಳು ನಂತರ ತೊಂದರೆಗೀಡಾಗುತ್ತವೆ. ಉಪಕರಣ ಹೊಂದಿದವರು ಎಂ.ಆರ್.ಐ. ಪರೀಕ್ಷೆಗೆ ಮುನ್ನ ತಪ್ಪದೆ ವೈದ್ಯರ ಗಮನಕ್ಕೆ ತರತಕ್ಕದ್ದು.

ಪಾರ್ಕಿನ್ಸನ್ ಕಾಯಿಲೆಗೆ ಸಬ್‌ಥಲಾಮಿಕ್ ಪ್ರಚೋದನೆಯನ್ನು ಅಭಿವೃದ್ಧಿಪಡಿಸಿದ್ದಕ್ಕಾಗಿ ಡಾ. ಬೆನಬಿಡ್ ಮತ್ತು ಡಾ. ಡಿಲಾಂಗ್‌ರವರಿಗೆ 2014ರ ಲಾಸ್ಕರ್ ಪ್ರಶಸ್ತಿಯನ್ನು ಜಂಟಿಯಾಗಿ ನೀಡಲಾಯಿತು. ಪ್ರಪಂಚದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ರೋಗಿಗಳು ಈ ಚಿಕಿತ್ಸೆ ಪಡೆದಿದ್ದಾರೆ. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇದನ್ನು ನಡೆಸಲಾಗುತ್ತಿದೆ. ತಪಾಸಣೆಗೆ ಹೋಗುವವರು ಹಿಂದಿನ ಚಿಕಿತ್ಸಾ ದಾಖಲೆಗಳೊಂದಿಗೆ, ಪ್ರತಿದಿನ ಯಾವ ವೇಳೆಗೆ ಔಷಧಿ ಸೇವಿಸಲಾಗುತ್ತದೆ ಮತ್ತು ಅದರ ಪ್ರಭಾವ ಎಷ್ಟು ಗಂಟೆ ಇರುತ್ತದೆ ಎಂಬುದನ್ನು ಬರೆದುಕೊಂಡು ಹೋಗುವುದು ಸೂಕ್ತ.