ಕಾಮನಬಿಲ್ಲಿನ ಜರ್ಸಿ ಮತ್ತು ರೊನ್ಸ ಅನ್ನೋ ಊರು

ನಮ್ಮ ಸೊಸೈಟಿಯ ಮೂರನೇ ಮಹಡಿಯ ಹುಡುಗ ಪ್ರತಿ ಭಾನುವಾರ ಬೆಳಗ್ಗೆ ಐದಕ್ಕೇ ಸೈಕಲ್ ಹೆಗಲಿಗೇರಿಸಿಕೊಂಡು ಇಳಿದು ಬರ್ತಾನೆ. ಲಿಫ್ಟಿನಲ್ಲಿ ಹಿಡಿಸಲ್ಲವಂತೆ. ಖಡಕವಾಸಲಾ, ಸಿಂಹಗಡದ ಬುಡ, ವಾಪಸ್ ಬಂದು ಮಿಸಳ್ – ಇದು ಅವನ ಭಾನುವಾರ. ಹೋದ ತಿಂಗಳು ಹೊಸ ಜರ್ಸಿ ಹಾಕಿಕೊಂಡಿದ್ದ. ಬಿಳಿ ಬಟ್ಟೆ, ಎದೆ ಮೇಲೆ ಐದು ಪಟ್ಟಿ: ನೀಲಿ, ಕೆಂಪು, ಕಪ್ಪು, ಹಳದಿ, ಹಸಿರು. ಆನ್‌ಲೈನಿನಲ್ಲಿ ತರಿಸಿದ್ದಂತೆ. "ಇದನ್ನ ಹಾಕ್ಕೊಳ್ಳೋಕೆ ಹಕ್ಕು ಬೇಕಪ್ಪಾ" ಅಂತ ನಾನು ಚಾಳಿಸಿದೆ. "ಯಾರ ಹಕ್ಕು ಕಾಕಾ?" ಅಂದ. ಅವನಿಗೆ ಅಲ್ಲೇ ಗೇಟಿನ ಹತ್ತಿರ ನಿಂತು ಹೇಳಿದ್ದು ಸ್ವಲ್ಪ, ಹೇಳಲಿಕ್ಕೆ ಆಗದೆ ಉಳಿದದ್ದು ಬಹಳ. ಉಳಿದದ್ದನ್ನ ಇಲ್ಲಿ ಬರೀತಿದೀನಿ.

ನಾನು 1981ರಲ್ಲಿ ಪುಣೆಗೆ ಬಂದಾಗ ಇದು ಸೈಕಲ್ಲುಗಳ ಊರು. ಪಿಂಪ್ರಿ-ಚಿಂಚವಡದ ಶಿಫ್ಟ್ ಬಿಟ್ಟರೆ ರಸ್ತೆ ತುಂಬಾ ಸೈಕಲ್ಲು, ನಂದೂ ಅದರಲ್ಲೊಂದು. ನಮ್ಮ ಕಡೆ ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಸೈಕಲ್ ರೇಸಿನಲ್ಲಿ ರಾಷ್ಟ್ರಮಟ್ಟದ ಪದಕ ತರೋದು ನಿಮಗೂ ಗೊತ್ತು. ಆ ಅಭಿಮಾನದಿಂದಲೇ ನನಗೆ ಈ ಹುಚ್ಚು ಹತ್ತಿದ್ದು. ಇರಲಿ, ವಿಷಯಕ್ಕೆ ಬರ್ತೀನಿ.

ಆ ಐದು ಪಟ್ಟಿಯ ಜರ್ಸಿಗೆ ಕಾಮನಬಿಲ್ಲಿನ ಜರ್ಸಿ ಅಂತ ಹೆಸರು. ಸೈಕ್ಲಿಂಗಿನ ವಿಶ್ವ ಚಾಂಪಿಯನ್ ಆದವರು ಮಾತ್ರ ಒಂದು ವರ್ಷ ಅದನ್ನ ಹಾಕಿಕೊಂಡು ರೇಸಿಗೆ ಇಳೀಬಹುದು. ವರ್ಷ ಮುಗಿದ ಮೇಲೆ ತೋಳಿನ ಅಂಚಿಗೆ, ಕಾಲರಿಗೆ ಸಣ್ಣದಾಗಿ ಆ ಪಟ್ಟಿ ಇಟ್ಟುಕೊಳ್ಳಬಹುದು, ಅದು ಜೀವನಪೂರ್ತಿ. ಟೂರ್ ದ ಫ್ರಾನ್ಸ್ ಮೂರು ವಾರದ ಮಾತು. ವಿಶ್ವ ಚಾಂಪಿಯನ್‌ಶಿಪ್ ಒಂದೇ ದಿನದ್ದು. ಆ ದಿನ ಟೈರು ಪಂಕ್ಚರ್ ಆಯ್ತೋ, ಮುಗೀತು, ಮತ್ತೆ ಮುಂದಿನ ವರ್ಷ.

ಇದರಲ್ಲೊಂದು ವಿಚಿತ್ರ ಇದೆ ನೋಡಿ. ವರ್ಷಪೂರ್ತಿ ಈ ಸವಾರರು ಕಂಪನಿ ತಂಡಗಳಿಗೆ ದುಡೀತಾರೆ. ಸಂಬಳ ಕಂಪನಿಯದು, ಸೈಕಲ್ಲು ಕಂಪನಿಯದು, ತಂಡದ ನಾಯಕನಿಗೋಸ್ಕರ ಗಾಳಿ ಸೀಳಿಕೊಂಡು ಮುಂದೆ ಹೋಗೋದು ಕೆಲಸ. ವಿಶ್ವ ಚಾಂಪಿಯನ್‌ಶಿಪ್‌ನ ಆ ಒಂದು ದಿನ ಮೈಮೇಲೆ ದೇಶದ ಅಂಗಿ. ನಿನ್ನೆವರೆಗೂ ಎದುರಾಳಿ ಆಗಿದ್ದವನು ಇವತ್ತು ಜೊತೆಗಾರ, ನಿನ್ನೆವರೆಗೂ ಒಂದೇ ಊಟದ ಮೇಜಿನಲ್ಲಿ ಕೂತವನು ಇವತ್ತು ಎದುರಾಳಿ. ನಾಳೆ ಮತ್ತೆ ಅದಲು ಬದಲು. ನವೆಂಬರ್ ಒಂದಕ್ಕೆ ಶಾಲು ಹೊದ್ದು ಕನ್ನಡ ಸಂಘಕ್ಕೆ ಹೋಗಿ, ಮರುದಿನ ಆಫೀಸಿನಲ್ಲಿ ಮರಾಠಿ ಮಾತಾಡೋ ನಮ್ಮಂಥವರಿಗೆ ಇದು ತೀರಾ ಹೊಸದೇನಲ್ಲ ಬಿಡಿ. ಆದರೆ ಇಲ್ಲಿ ದುಡ್ಡಿನ ಪ್ರಶ್ನೆ ಇದೆ, ಬಾಳಿನ ಪ್ರಶ್ನೆ ಇದೆ.

ಸೈಕ್ಲಿಂಗಿನ ಅಂತರರಾಷ್ಟ್ರೀಯ ಒಕ್ಕೂಟ 1900ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿತು. ರಸ್ತೆಯ ವಿಶ್ವ ಚಾಂಪಿಯನ್‌ಶಿಪ್ ಮೊದಲು ನಡೆದದ್ದು 1921ರಲ್ಲಿ ಕೋಪನ್‌ಹೇಗನ್ನಿನಲ್ಲಿ, ಅದೂ ಹವ್ಯಾಸಿಗಳಿಗೆ ಮಾತ್ರ. ದುಡ್ಡಿಗೆ ಸೈಕಲ್ ತುಳಿಯೋರಿಗೆ ಬಾಗಿಲು ತೆರೆದದ್ದು 1927ರಲ್ಲಿ, ಜರ್ಮನಿಯ ನ್ಯೂರ್ಬರ್ಗ್‌ರಿಂಗ್‌ನಲ್ಲಿ. ಅದು ಆಗಷ್ಟೇ ಕಟ್ಟಿದ ಕಾರ್ ರೇಸಿನ ಹಾದಿ, ಬರೀ ಏರಿಳಿತ. ಇಟಲಿಯ ಆಲ್ಫ್ರೆಡೊ ಬಿಂಡಾ ಏಳು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ. ಎರಡು, ಮೂರು, ನಾಲ್ಕನೇ ಸ್ಥಾನವೂ ಇಟಲಿಯವರಿಗೇ! ಈ ಬಿಂಡಾ ಎಂಥಾ ಆಸಾಮಿ ಅಂದರೆ, 1930ರಲ್ಲಿ "ನೀನು ಬಂದರೆ ರೇಸಿನಲ್ಲಿ ಮಜಾ ಇರಲ್ಲ, ದಯವಿಟ್ಟು ಬರಬೇಡ" ಅನ್ನೋ ಹಾಗೆ ಇಟಲಿಯ ಜೀರೊ ರೇಸಿನವರು ಅವನಿಗೆ 22,500 ಲೀರಾ ಕೊಟ್ಟು ಮನೆಯಲ್ಲಿ ಕೂರಿಸಿದರು. ಅವನು ಅದೇ ವರ್ಷ ಎರಡನೇ ಸಲ ವಿಶ್ವ ಚಾಂಪಿಯನ್ ಆದ, 1932ರಲ್ಲಿ ಮೂರನೇ ಸಲ.

ಯುದ್ಧದ ವರ್ಷಗಳಲ್ಲಿ ಎಲ್ಲ ನಿಂತಿತು. 1938ರಲ್ಲಿ ಗೆದ್ದಿದ್ದ ಬೆಲ್ಜಿಯಂನ ಮಾರ್ಸೆಲ್ ಕಿಂಟ್ ಎಂಟು ವರ್ಷ ಚಾಂಪಿಯನ್ ಆಗಿಯೇ ಉಳಿದ. 1946ರಲ್ಲಿ ಜ್ಯೂರಿಕ್‌ನಲ್ಲಿ ಮತ್ತೆ ರೇಸು ಶುರುವಾದಾಗ ಅದೇ ಕಿಂಟ್ ಎರಡನೆಯವನು. ಗೆದ್ದದ್ದು ಸ್ವಿಸ್ ಸವಾರ ಹಾನ್ಸ್ ಕ್ನೆಕ್ಟ್.

ಎರಡು ವರ್ಷ ಬಿಟ್ಟು, 1948ರಲ್ಲಿ ಹಾಲೆಂಡಿನ ವಾಲ್ಕೆನ್‌ಬರ್ಗ್‌ನಲ್ಲಿ ನಾನು ಹೇಳಿದ ದೇಶ-ಕಂಪನಿ ಜಗಳ ಬೀದಿಗೆ ಬಂತು. ಇಟಲಿ ತಂಡದಲ್ಲಿ ಇಬ್ಬರು ದೈತ್ಯರು, ಜೀನೊ ಬಾರ್ತಾಲಿ ಮತ್ತು ಫೌಸ್ಟೊ ಕೊಪ್ಪಿ. ಬಾರ್ತಾಲಿ ಆಗಷ್ಟೇ ಟೂರ್ ದ ಫ್ರಾನ್ಸ್ ಗೆದ್ದು ಬಂದಿದ್ದ. ಇಟಲಿಯ ಅರ್ಧ ಜನ ಅವನ ಕಡೆ, ಅರ್ಧ ಜನ ಕೊಪ್ಪಿ ಕಡೆ. ರೇಸಿನಲ್ಲಿ ಇಬ್ಬರೂ ಮುಂದೆ ಹೋದವರನ್ನ ಹಿಡಿಯೋದು ಬಿಟ್ಟು ಒಬ್ಬರನ್ನೊಬ್ಬರು ನೋಡಿಕೊಂಡೇ ತುಳಿದರು. ನಾನು ಸೋತರೂ ಪರವಾಗಿಲ್ಲ, ಅವನು ಗೆಲ್ಲಬಾರದು. ಕೊನೆಗೆ ಇಬ್ಬರೂ ಇಳಿದು ರೇಸ್ ಬಿಟ್ಟು ಹೋದರು. ಇಟಲಿಯ ಸೈಕ್ಲಿಂಗ್ ಸಂಸ್ಥೆ ದೇಶದ ಮರ್ಯಾದೆ ಕಳೆದಿರಿ ಅಂತ ಇಬ್ಬರನ್ನೂ ಅಮಾನತು ಮಾಡಿತು. ನಮ್ಮ ಕಡೆ ದಾಯಾದಿಗಳು ಹೊಲದ ಬದುವಿಗೆ ಹೊಡೆದಾಡಿ ಬೆಳೆ ಹಾಳು ಮಾಡಿಕೊಂಡ ಹಾಗೆ. ಕೊಪ್ಪಿಗೆ ಜರ್ಸಿ ಸಿಗಲಿಕ್ಕೆ 1953ರ ಲುಗಾನೊವರೆಗೂ ಕಾಯಬೇಕಾಯ್ತು. ಬಾರ್ತಾಲಿಗೆ ಸಿಗಲೇ ಇಲ್ಲ.

ಈಗ ರೊನ್ಸಗೆ ಬರೋಣ. ಬೆಲ್ಜಿಯಂನಲ್ಲಿ ಗುಡ್ಡಗಳ ನಡುವಿನ ಸಣ್ಣ ಊರು. 1963ರ ಆಗಸ್ಟ್ 11. ಆ ದಿನದ ರಾಜ ರಿಕ್ ವಾನ್ ಲೋಯ್. 1960, 61ರಲ್ಲಿ ಎರಡು ಸಲ ವಿಶ್ವ ಚಾಂಪಿಯನ್ ಆಗಿದ್ದವನು, ಒಂದು ದಿನದ ಐದು ಮಹಾ ರೇಸುಗಳನ್ನ ಎಲ್ಲಾ ಗೆದ್ದ ಮೊದಲ ಮನುಷ್ಯ. ಜನ ಅವನನ್ನ ಹೆರೆಂಟಾಲ್ಸ್‌ನ ಚಕ್ರವರ್ತಿ ಅಂತಲೇ ಕರೀತಿದ್ರು. ತವರಿನಲ್ಲಿ, ಸ್ವಂತ ಜನರ ಮುಂದೆ ಮೂರನೇ ಸಲ ಗೆಲ್ಲಬೇಕು. ಬೆಲ್ಜಿಯಂ ತಂಡದಲ್ಲಿ ಉಳಿದವರ ಕೆಲಸ ಅವನನ್ನ ಗೆಲ್ಲಿಸೋದು. ಗೆದ್ದವನು ಸಹಾಯ ಮಾಡಿದವರಿಗೆ ದುಡ್ಡು ಹಂಚೋದು ಆ ಕಾಲದ ರೂಢಿ, ಯಾರೂ ಅದನ್ನ ತಪ್ಪು ಅಂದುಕೊಳ್ಳುತ್ತಿರಲಿಲ್ಲ.

ಸುಮಾರು 280 ಕಿ.ಮೀ. ತುಳಿದು ಗುಂಪು ಕೊನೆಯ ನೇರ ರಸ್ತೆಗೆ ಬಂತು. ವಾನ್ ಲೋಯ್ ಬಹಳ ದೂರದಿಂದಲೇ ಓಟ ಶುರು ಮಾಡಿದ. ಗೆರೆ ಹತ್ತಿರ ಬರ್ತಾ ಬರ್ತಾ ಕಾಲು ಸೋತು ರಸ್ತೆಗೆ ಅಡ್ಡಡ್ಡ ಸರಿದ. ಆ ಸಂದಿಯಲ್ಲಿ ಅವನ ಪಕ್ಕಕ್ಕೆ ಬಂದವನು ಅದೇ ಬೆಲ್ಜಿಯಂ ಅಂಗಿಯ ಬೆನೋನಿ ಬೆಹೇಯ್ಟ್, 22ರ ಹುಡುಗ. ವರ್ಷಪೂರ್ತಿ ಬೇರೆ ಕಂಪನಿಗೆ ತುಳಿಯೋನು. ಬೆಹೇಯ್ಟ್‌ನ ಕೈ ಹ್ಯಾಂಡಲ್ ಬಿಟ್ಟು ವಾನ್ ಲೋಯ್ ಮೈ ಮೇಲಿದೆ. ಫೋಟೋದಲ್ಲಿ ಸ್ಪಷ್ಟವಾಗಿ ಕಾಣ್ತದೆ. ಗೆರೆ ದಾಟಿದಾಗ ಬೆಹೇಯ್ಟ್ ಮುಂದೆ, ಚಕ್ರವರ್ತಿ ಹಿಂದೆ.

"ಅವನು ನನ್ನ ಮೇಲೇ ಬಂದ, ಬೀಳಬಾರದು ಅಂತ ಕೈ ಅಡ್ಡ ಹಿಡಿದೆ" ಅನ್ನೋದು ಬೆಹೇಯ್ಟ್‌ನ ವಾದ. ಜಗ್ಗಿದ, ತಳ್ಳಿದ ಅನ್ನೋದು ವಾನ್ ಲೋಯ್ ಕಡೆಯವರ ವಾದ. ತೀರ್ಪುಗಾರರು ಫಲಿತಾಂಶ ಬದಲಿಸಲಿಲ್ಲ. ಹುಡುಗನ ಮೈಗೆ ಕಾಮನಬಿಲ್ಲಿನ ಜರ್ಸಿ ಬಂತು.

ಆದರೆ ಆಮೇಲೆ? ಆ ಕಾಲದ ಸವಾರರ ನಿಜವಾದ ಸಂಪಾದನೆ ಊರೂರಿನ ಜಾತ್ರೆ ರೇಸುಗಳಲ್ಲಿ. ಬೆಲ್ಜಿಯಂ, ಫ್ರಾನ್ಸಿನ ಊರುಗಳಲ್ಲಿ ಚರ್ಚು, ಚೌಕ ಸುತ್ತಿಬರೋ ಸಣ್ಣ ರೇಸು. ಹೆಸರಾದವರಿಗೆ ಬಂದು ಹೋಗಿದ್ದಕ್ಕೇ ದುಡ್ಡು. ವಿಶ್ವ ಚಾಂಪಿಯನ್ ಅಂದರೆ ದರ ದುಪ್ಪಟ್ಟಾಗಬೇಕು. ಯಾರನ್ನ ಕರೀಬೇಕು, ಯಾರನ್ನ ಬಿಡಬೇಕು ಅನ್ನೋದರಲ್ಲಿ ವಾನ್ ಲೋಯ್‌ನಂಥ ದೊಡ್ಡವರ ಮಾತು ನಡೀತಿತ್ತು. ಬೆಹೇಯ್ಟ್‌ಗೆ ಆ ಬಾಗಿಲುಗಳು ಮುಚ್ಚಿದವು ಅಂತ ಬೆಲ್ಜಿಯಂನಲ್ಲಿ ಇವತ್ತಿಗೂ ಹೇಳ್ತಾರೆ. ಒಂದೇ ಕಾರಣ ಅಂತ ಹೇಳೋದು ಅನ್ಯಾಯ ಆದೀತು, ಆದರೆ 30 ತುಂಬೋದರೊಳಗೇ ಅವನು ಸೈಕಲ್ ರೇಸು ಬಿಟ್ಟ. ವರ್ಷಗಳ ಮೇಲೆ ಇಬ್ಬರೂ ರಾಜಿಯಾದರು. ವಾನ್ ಲೋಯ್ 2024ರ ಡಿಸೆಂಬರಿನಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡ. ಮೂರನೇ ಜರ್ಸಿ ಅವನಿಗೆ ಕೊನೆಗೂ ದಕ್ಕಲಿಲ್ಲ.

ಇಷ್ಟೊತ್ತೂ ಗಂಡಸರ ಕತೆಯೇ ಆಯ್ತು. ಹೆಣ್ಣುಮಕ್ಕಳಿಗೆ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 1958ರಲ್ಲಿ, ಫ್ರಾನ್ಸಿನ ರೀಮ್ಸ್‌ನಲ್ಲಿ. ಬರೀ 59 ಕಿ.ಮೀ. ಗಂಡಸರಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು. ಹೆಂಗಸರ ಕೈಲಿ ಅಷ್ಟೆಲ್ಲ ಆಗಲ್ಲ ಅನ್ನೋ ಲೆಕ್ಕ! ಗೆದ್ದವಳು ಪುಟ್ಟ ದೇಶ ಲಕ್ಸೆಂಬರ್ಗಿನ ಎಲ್ಸಿ ಜೇಕಬ್ಸ್.

ಆದರೆ ನನಗೆ ಬಹಳ ಇಷ್ಟವಾದವಳು ಇಂಗ್ಲೆಂಡಿನ ಬೆರಿಲ್ ಬರ್ಟನ್. ಚಿಕ್ಕವಳಿದ್ದಾಗ ಸಂಧಿಜ್ವರ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು, ದಣಿವಾಗೋ ಕೆಲಸ ಮಾಡಬೇಡ ಅಂತ ಹೇಳಿಸಿಕೊಂಡವಳು. ಮುಂದೆ ಗಂಡನಾದವನ ಜೊತೆ ಸೈಕಲ್ ಹತ್ತಿದಳು. ಯಾರ್ಕ್‌ಷೈರಿನ ತೋಟದಲ್ಲಿ ರೂಬಾರ್ಬ್ ಬೆಳೆಯೋ ಕೂಲಿ ಕೆಲಸ. ಕಂಪನಿ ಇಲ್ಲ, ಸಂಬಳ ಇಲ್ಲ. 1960 ಮತ್ತು 1967ರಲ್ಲಿ ರಸ್ತೆಯ ವಿಶ್ವ ಚಾಂಪಿಯನ್, ಟ್ರ್ಯಾಕಿನಲ್ಲಿ ಐದು ಸಲ ಬೇರೆ. 1967ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಹನ್ನೆರಡು ತಾಸಿನ ರೇಸು. ಎಲ್ಲ ಗಂಡಸರನ್ನೂ ಹಿಂದೆ ಹಾಕಿ, ಕೊನೆಗೆ ಮೈಕ್ ಮೆಕ್‌ನಮಾರ ಅನ್ನೋ ಸವಾರನ ಪಕ್ಕಕ್ಕೆ ಬಂದಳು. ಅವನು ಅದೇ ದಿನ ಗಂಡಸರ ಹೊಸ ದಾಖಲೆ ಮಾಡ್ತಿದ್ದ, ಪಾಪ. ದಾಟಿ ಹೋಗೋವಾಗ ಏನು ಹೇಳಬೇಕೋ ತಿಳೀದೆ ಜೇಬಿನಿಂದ ಒಂದು ಮಿಠಾಯಿ ತೆಗೆದು ಕೊಟ್ಟಳು. ಅವನು ಇಸಕೊಂಡು ತಿಂದ. ಅವಳು ಆ ದಿನ ತುಳಿದದ್ದು 277.25 ಮೈಲಿ, ಅಂದರೆ ಸುಮಾರು 446 ಕಿ.ಮೀ. ಹೆಂಗಸರ ಆ ದಾಖಲೆ ಮುರೀಲಿಕ್ಕೆ 50 ವರ್ಷ ಬೇಕಾಯ್ತು, 2017ರಲ್ಲಿ. ಒಲಿಂಪಿಕ್ಸಿನಲ್ಲಿ ಹೆಂಗಸರ ಸೈಕಲ್ ರೇಸು ಸೇರಿದ್ದು 1984ರಲ್ಲಿ, ಅಷ್ಟೊತ್ತಿಗೆ ಬೆರಿಲ್‌ಗೆ 47. 1996ರಲ್ಲಿ ಸೈಕಲ್ ಮೇಲೆ ಹೋಗ್ತಿರುವಾಗಲೇ ಅವಳ ಹೃದಯ ನಿಂತಿತು.

ಮನೆಯೊಳಗಿನ ಜಗಳ ಬೆಲ್ಜಿಯಂ, ಇಟಲಿಗೇ ಸೀಮಿತ ಅಲ್ಲ. 1982ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಅಮೆರಿಕದ ಜೊನಾಥನ್ ಬಾಯರ್ ಕೊನೆಯಲ್ಲಿ ಒಬ್ಬನೇ ಮುಂದೆ ಹೋಗ್ತಿದ್ದ. ಅವನನ್ನ ಅಟ್ಟಿಸಿಕೊಂಡು ಹೋಗಿ ಹಿಡಿದವನು ಅಮೆರಿಕದವನೇ, ಗ್ರೆಗ್ ಲೆಮಾಂಡ್! ಇಬ್ಬರ ನಡುವೆ ಇಟಲಿಯ ಸರೋನ್ನಿ ಬಾಣದ ಹಾಗೆ ಹೋಗಿ ಗೆದ್ದ. 1973ರ ಬಾರ್ಸಿಲೋನಾ ಕತೆಯೂ ಅಂಥದ್ದೇ. ಕೊನೆಗೆ ನಾಲ್ಕು ಜನ, ಅದರಲ್ಲಿ ಇಬ್ಬರು ಬೆಲ್ಜಿಯಂನವರು, ಮೆರ್ಕ್ಸ್ ಮತ್ತು ಮಾರ್ಟೆನ್ಸ್. ಗೆದ್ದದ್ದು ಇಟಲಿಯ ಜಿಮೊಂಡಿ. ಯಾರು ಯಾರಿಗೆ ಮೋಸ ಮಾಡಿದರು ಅಂತ ಆ ಇಬ್ಬರು ಬೆಲ್ಜಿಯನ್ನರ ಮುನಿಸು ದಶಕಗಟ್ಟಲೆ ನಡೀತು.

ರೊನ್ಸಗೆ ಮತ್ತೆ ವಿಶ್ವ ಚಾಂಪಿಯನ್‌ಶಿಪ್ ಬಂದದ್ದು ಸರಿಯಾಗಿ 25 ವರ್ಷಕ್ಕೆ, 1988ರಲ್ಲಿ. ಈ ಸಲ ತವರಿನ ಆಸೆ ಕ್ಲೋಡ್ ಕ್ರಿಕೆಲಿಯೋನ್, 1984ರ ಚಾಂಪಿಯನ್. ಕೊನೆಯ ಏರಿನಲ್ಲಿ ಅವನು ಮತ್ತು ಕೆನಡಾದ ಸ್ಟೀವ್ ಬಾವರ್ ಮುಂದೆ, ಇಟಲಿಯ 23ರ ಹುಡುಗ ಫಾಂಡ್ರಿಯೆಸ್ಟ್ ಸ್ವಲ್ಪ ಹಿಂದೆ. ಬೇಲಿಯ ಪಕ್ಕದಿಂದ ಕ್ರಿಕೆಲಿಯೋನ್ ದಾಟಲಿಕ್ಕೆ ಹೋದ. ಬಾವರ್ ಆ ಕಡೆ ಸರಿದ, ಮೊಣಕೈ ತಾಗಿತು. ಕ್ರಿಕೆಲಿಯೋನ್ ಬೇಲಿಗೆ ಬಡಿದು ಬಿದ್ದ. ಏನಾಯ್ತು ಅಂತ ಜನಕ್ಕೆ ತಿಳಿಯೋದರೊಳಗೆ ಫಾಂಡ್ರಿಯೆಸ್ಟ್ ಇಬ್ಬರನ್ನೂ ದಾಟಿ ವಿಶ್ವ ಚಾಂಪಿಯನ್. ಕ್ರಿಕೆಲಿಯೋನ್ ಸೈಕಲ್ ಜೊತೆ ನಡಕೊಂಡೇ ಗೆರೆ ದಾಟಿದ. ಬಾವರ್‌ನ ಸ್ಥಾನವನ್ನ ತೀರ್ಪುಗಾರರು ಕಿತ್ತುಕೊಂಡರು. ಅಷ್ಟಕ್ಕೆ ಮುಗೀಲಿಲ್ಲ, ಕ್ರಿಕೆಲಿಯೋನ್ ಕೋರ್ಟಿಗೆ ಹೋಗಿ ಪರಿಹಾರ ಕೇಳಿದ. ವರ್ಷಗಟ್ಟಲೆ ವಾಯಿದೆ ಮೇಲೆ ವಾಯಿದೆ. ಕೊನೆಗೆ ಗೆದ್ದದ್ದು ಬಾವರ್.

2025ರ ಸೆಪ್ಟೆಂಬರಿನಲ್ಲಿ ಚಾಂಪಿಯನ್‌ಶಿಪ್ ಮೊದಲ ಬಾರಿ ಆಫ್ರಿಕಾಕ್ಕೆ ಹೋಯ್ತು, ರುವಾಂಡಾದ ಕಿಗಾಲಿಗೆ. ಹೆಂಗಸರ ಹಾದಿ ಆ ಸಲ 164.6 ಕಿ.ಮೀ., ಕೆನಡಾದ ಮ್ಯಾಗ್ದಲೀನ್ ವಾಲಿಯೇರ್ ಗೆದ್ದಳು. ಗಂಡಸರದು 267.5 ಕಿ.ಮೀ., ಬರೀ ಗುಡ್ಡ. 160ಕ್ಕೂ ಹೆಚ್ಚು ಜನ ಹೊರಟು ಮುಗಿಸಿದ್ದು 30 ಜನ. ಗೆರೆ ಇನ್ನೂ ನೂರು ಕಿ.ಮೀ. ದೂರ ಇರುವಾಗ ಸ್ಲೊವೇನಿಯಾದ ಪೊಗಾಚಾರ್ ಹೊರಟೇ ಬಿಟ್ಟ. ಅವನ ಹಿಂದೆ ಹೋದ ಇಬ್ಬರು ಯಾರು ಗೊತ್ತಾ? ಮೆಕ್ಸಿಕೊದ ದೆಲ್ ತೊರೊ, ಸ್ಪೇನಿನ ಆಯುಸೊ. ಮೂರು ಜನಕ್ಕೆ ಮೂರು ದೇಶದ ಅಂಗಿ, ಮೂವರಿಗೂ ಆ ವರ್ಷ ಸಂಬಳ ಕೊಡ್ತಿದ್ದದ್ದು ಒಂದೇ ಕಂಪನಿ ತಂಡ. ಟಿವಿ ಮುಂದೆ ಕೂತ ನನಗೆ ರೊನ್ಸ ನೆನಪಾಗದೆ ಇದ್ದೀತೇ? ಆದರೆ ಇಲ್ಲಿ ಸಂಶಯಕ್ಕೆ ಜಾಗವೇ ಇರಲಿಲ್ಲ. ಪೊಗಾಚಾರ್ ಇಬ್ಬರನ್ನೂ ಬಿಟ್ಟು ಕೊನೆಯ 60ಕ್ಕೂ ಹೆಚ್ಚು ಕಿ.ಮೀ. ಒಬ್ಬನೇ ಹೋದ, ಸತತ ಎರಡನೇ ವರ್ಷ ಜರ್ಸಿ ಹಾಕಿಕೊಂಡ.

ಕಳೆದ ಭಾನುವಾರ ಮೂರನೇ ಮಹಡಿಯ ಹುಡುಗನಿಗೆ ಮೊಬೈಲಿನಲ್ಲಿ 1963ರ ಆ ಫೋಟೋ ತೋರಿಸಿದೆ. ಹೆಲ್ಮೆಟ್ ತೆಗೆದು, ದೊಡ್ಡದು ಮಾಡಿ, ಬಹಳ ಹೊತ್ತು ನೋಡಿದ. "ತಳ್ಳಿಲ್ಲ ಕಾಕಾ, ಬಚಾವ್ ಆಗೋಕೆ ಹಿಡಿದಿದಾನೆ" ಅಂದ. ವಾಚ್‌ಮನ್ನೂ ಬಗ್ಗಿ ನೋಡಿದರು. "ಛೇ, ಅಂಗಿ ಹಿಡಿದು ಎಳೀತಿದಾನೆ, ಕಾಣ್ಸಲ್ವಾ?" ಅಂದರು. ನಾನು ಇಪ್ಪತ್ತು ವರ್ಷದಿಂದ ನೋಡ್ತಿದೀನಿ, ಒಂದೊಂದು ಸಲ ಒಂದೊಂದು ಥರ ಕಾಣ್ತದೆ. ನೀವೂ ಒಮ್ಮೆ ಹುಡುಕಿ ನೋಡಿ, ಏನು ಕಾಣ್ತು ಅಂತ ಬರೀರಿ.