ತಿದ್ದುವವರನ್ನು ತಯಾರಿಸುವ ವಿದ್ಯೆ

ಕಾನೂನು ಬರವಣಿಗೆ ಕಲಿಸಲು ಹೊಸದಾಗಿ ಬಂದ ಅಧ್ಯಾಪಕರ ಮುಂದೆ ಕರಡುಗಳ ಕಟ್ಟು ಬೇಗನೆ ಬಂದು ಬೀಳುತ್ತದೆ. ಅದನ್ನು ತಿದ್ದುವುದು ಹೇಗೆಂದು ಹೇಳಿಕೊಡುವವರು ಅಪರೂಪ. ಕಾನೂನು ಬಲ್ಲವರಿಗೆ ತಿದ್ದಲು ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಹಳೆಯದು. ಆ ಕೆಲಸವನ್ನು ಯಂತ್ರಕ್ಕೇ ಒಪ್ಪಿಸಬಹುದೆಂಬ ಮಾತು ಈಚಿನದು. ಈ ಕ್ಷೇತ್ರ ಕಷ್ಟಪಟ್ಟು ಕಂಡುಕೊಂಡದ್ದನ್ನು ಎರಡೂ ಕಡೆಗಣಿಸುತ್ತವೆ.

ಆ ದುಡಿಮೆ ಹೆಚ್ಚಾಗಿ ನಡೆದದ್ದು ಅಮೆರಿಕದಲ್ಲಿ. 1870ರಲ್ಲಿ ಹಾರ್ವರ್ಡ್ ಕಾನೂನು ಶಾಲೆಯ ಡೀನ್ ಆದ ಲ್ಯಾಂಗ್‌ಡೆಲ್ ತೀರ್ಪುಗಳನ್ನು ಓದಿಸಿ ಪ್ರಶ್ನಿಸುವ ಪದ್ಧತಿಯನ್ನು ನೆಲೆಗೊಳಿಸಿದರು. ವಿದ್ಯಾರ್ಥಿಯ ಬರಹ ಗುರುಗಳ ಕಣ್ಣಿಗೆ ಬೀಳುತ್ತಿದ್ದುದು ಬಹುಪಾಲು ಕೊನೆಯ ಪರೀಕ್ಷೆಯಲ್ಲೇ. ಮುಂದೆ ಬರವಣಿಗೆಯ ತರಗತಿಗಳು ಬಂದರೂ ಅವು ವ್ಯಾಕರಣ ಮತ್ತು ಉಲ್ಲೇಖಕ್ರಮದ ಸುತ್ತಲೇ ತಿರುಗಿದವು.

ತಿರುವು ಕೊಟ್ಟವರು ಕಾನೂನಿನ ಹೊರಗಿನವರು. 1982ರಲ್ಲಿ ನ್ಯಾನ್ಸಿ ಸಾಮರ್ಸ್, ಎರಡು ವಿಶ್ವವಿದ್ಯಾಲಯಗಳ 35 ಅಧ್ಯಾಪಕರ ಟಿಪ್ಪಣಿಗಳನ್ನು ಪರಿಶೀಲಿಸಿದ ಅಧ್ಯಯನವನ್ನು ಪ್ರಕಟಿಸಿದರು. ಯಾವ ಪ್ರಬಂಧಕ್ಕಾದರೂ ಅಂಟಿಸಬಹುದಾದ ಸಾಮಾನ್ಯ ಮಾತುಗಳೇ ಅಲ್ಲಿ ಹೆಚ್ಚು. ಒಂದೇ ಪ್ಯಾರಾದಲ್ಲಿ ವಾಕ್ಯ ತಿದ್ದು ಎಂದೂ ವಿಚಾರ ಬೆಳೆಸು ಎಂದೂ ಹೇಳಲಾಗಿತ್ತು. ಹೀಗಾದಾಗ ವಿದ್ಯಾರ್ಥಿ ತನ್ನ ಉದ್ದೇಶ ಬಿಟ್ಟು ಅಧ್ಯಾಪಕರ ಉದ್ದೇಶಕ್ಕೆ ಬರೆಯತೊಡಗುತ್ತಾನೆ.

1984ರಲ್ಲಿ ಲೀಗಲ್ ರೈಟಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾದ ಮೇಲೆ ಈ ವಿಚಾರ ಕಾನೂನು ಶಾಲೆಗಳಲ್ಲಿ ಬೇರೂರಿತು. ನಮ್ಮ ತಲೆಮಾರನ್ನು ರೂಪಿಸಿದ ಬರಹಗಳು ಬಂದದ್ದು ಅದರ ನಂತರದ ದಶಕದಲ್ಲಿ. 1996ರಲ್ಲಿ ಆ್ಯನ್ ಎನ್‌ಕ್ವಿಸ್ಟ್ ನೇರವಾಗಿ ವಿದ್ಯಾರ್ಥಿಗಳನ್ನೇ ಕೇಳಿದರು: ಯಾವ ಟಿಪ್ಪಣಿ ನಿಮಗೆ ಉಪಯೋಗಕ್ಕೆ ಬಂತು? ಕೊನೆಯಲ್ಲಿ ಒಟ್ಟಾರೆ ಅಭಿಪ್ರಾಯ, ವಿವರಣೆ ಅಥವಾ ಉದಾಹರಣೆ ಇರುವ ಮಾತು, ಚೆನ್ನಾಗಿ ಬರೆದ ಕಡೆ ಮೆಚ್ಚುಗೆ ಎಂದು ಅವರು ಹೇಳಿದರು. ನನ್ನ ಮಟ್ಟಿಗೆ ಈ ಕ್ಷೇತ್ರದ ಅತಿ ಮುಖ್ಯ ಪ್ರಶ್ನೆ ಅದೇ. ಮರುವರ್ಷ ಮೇರಿ ಬೆತ್ ಬೀಜ್ಲಿ, ವಿದ್ಯಾರ್ಥಿ ತನ್ನ ವಾದದ ಭಾಗಗಳಿಗೆ ತಾನೇ ಬಣ್ಣ ಹಚ್ಚಿ ಕೊರತೆ ಹುಡುಕುವ ಕ್ರಮವನ್ನು ಮುಂದಿಟ್ಟರು. ತಿದ್ದುವುದರ ಗುರಿ ಮುಂದಿನ ಕರಡು ಎಂಬುದು ಆಗ ಗಟ್ಟಿಯಾಯಿತು.

ಇದೇ ಹಾದಿಯಲ್ಲಿ ಬೆಳೆದದ್ದು ಟಿಪ್ಪಣಿ ಕಾರ್ಯಾಗಾರ. ಹೊಸಬರೆಲ್ಲರೂ ಒಂದೇ ವಿದ್ಯಾರ್ಥಿಯ ಮೆಮೊವನ್ನು ಮೊದಲೇ ತಿದ್ದಿ ತರುತ್ತಾರೆ. ಅನುಭವಿಗಳ ಜತೆ ಕೂತು ಹೋಲಿಸಿ ನೋಡುತ್ತಾರೆ. ಒಬ್ಬರು ಅಲ್ಪವಿರಾಮಗಳ ಹಿಂದೆ ಹೋಗಿರುತ್ತಾರೆ, ಇನ್ನೊಬ್ಬರು ವಾದವನ್ನೇ ಹೊಸದಾಗಿ ಬರೆದುಕೊಟ್ಟಿರುತ್ತಾರೆ. ಹತ್ತು ತಪ್ಪುಗಳಲ್ಲಿ ಈ ವಿದ್ಯಾರ್ಥಿಗೆ ಇಂದು ಯಾವುದನ್ನು ಹೇಳಬೇಕು, ಯಾವುದನ್ನು ಮುಂದಿನ ಕರಡಿಗೆ ಬಿಡಬೇಕು ಎಂಬ ವಿವೇಚನೆ ಅಲ್ಲಿ ಬರುತ್ತದೆ. ಯಂತ್ರ ಹತ್ತನ್ನೂ ಎತ್ತಿ ತೋರಿಸೀತು. ತರಗತಿಯಲ್ಲಿ ಏನು ಕಲಿಸಿದೆವು, ಆ ಹುಡುಗಿ ಎಲ್ಲಿ ಎಡವುತ್ತಿದ್ದಾಳೆ ಎಂದು ಬಲ್ಲವರು ಆಕೆಯ ಅಧ್ಯಾಪಕರೇ.

2014ರಲ್ಲಿ ಅಮೆರಿಕನ್ ಬಾರ್ ಅಸೋಸಿಯೇಷನ್ ಕಲಿಕೆಯ ನಡುವಿನ ಮೌಲ್ಯಮಾಪನವನ್ನು ಕಾನೂನು ಶಾಲೆಗಳಿಗೆ ಕಡ್ಡಾಯ ಮಾಡಿತು. ಆದರೂ ಟಿಪ್ಪಣಿಯ ಬಗ್ಗೆ ನಡೆದಷ್ಟು ಚಿಂತನೆ, ಟಿಪ್ಪಣಿ ಬರೆಯುವವರ ಬೆಳವಣಿಗೆಯ ಬಗ್ಗೆ ನಡೆದಿಲ್ಲ.

ನಮ್ಮಲ್ಲಿ ಕೊರತೆ ಇನ್ನೂ ದೊಡ್ಡದು. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳಲ್ಲಿ ಡ್ರಾಫ್ಟಿಂಗ್ ಪತ್ರಿಕೆಗೆ 15 ಕರಡು, 15 ದಸ್ತಾವೇಜುಗಳ ಅಭ್ಯಾಸ, ತಲಾ 3 ಅಂಕ, ಮೌಖಿಕ ಪರೀಕ್ಷೆಗೆ 10 ಅಂಕ. ಲೆಕ್ಕ ಅಚ್ಚುಕಟ್ಟಾಗಿದೆ. ಆದರೆ ವಾದಪತ್ರದ ಅಂಚಿನಲ್ಲಿ ‘ಅಸ್ಪಷ್ಟ’ ಎಂದು ಗೀಚಿ 3ಕ್ಕೆ 2 ಕೊಟ್ಟರೆ ವಿದ್ಯಾರ್ಥಿ ಕಲಿಯುವುದೇನು? ‘ಕರಾರಿನಲ್ಲಿ ಗಡುವಿಲ್ಲ; ಪ್ರತಿವಾದಿ ಕ್ರಯಪತ್ರ ಮಾಡಿಕೊಡಲು ನಿರಾಕರಿಸಿದ್ದು ವಾದಿಗೆ ಎಂದು ತಿಳಿಯಿತು? ಕಾಲಮಿತಿ ಅಲ್ಲಿಂದ ಶುರುವಾಗುತ್ತದೆ’ ಎಂದು ಬರೆದರೆ ಆತ ಕರಡಿಗೆ ಮರಳುತ್ತಾನೆ.

ಪ್ರಾಂಶುಪಾಲರಲ್ಲಿ ನನ್ನ ಕೋರಿಕೆ ಇಷ್ಟು: ಸೆಮಿಸ್ಟರ್ ಶುರುವಾಗುವ ಮುನ್ನ ಒಂದೇ ಕರಡನ್ನು ವಿಭಾಗದ ಎಲ್ಲರೂ ತಿದ್ದಲಿ, ಒಬ್ಬರ ಟಿಪ್ಪಣಿಯನ್ನು ಇನ್ನೊಬ್ಬರು ಓದಲಿ. ಇದಕ್ಕೆ ವಿಶೇಷ ಅನುದಾನ ಬೇಡ; ಒಂದು ಮಧ್ಯಾಹ್ನದ ಬಿಡುವು ಮಾಡಿಕೊಟ್ಟರೆ ಸಾಕು.